ಕಣದ ಆಯದಿಂದ ಆಸ್ಪತ್ರೆಯ ಚೀಟಿಯವರೆಗೆ: ಕರ್ನಾಟಕದಲ್ಲಿ ಚಿಕಿತ್ಸೆಯ ಬೆಲೆ ಮತ್ತು ಮಾರುಕಟ್ಟೆ ಸುಧಾರಣೆಗಳ ಚರಿತ್ರೆ

ಮದ್ದು ಕೊಟ್ಟವರಿಗೆ ಸಲ್ಲಬೇಕಾದುದನ್ನು ಸೂಚಿಸಲು ಕರ್ನಾಟಕದ ಗ್ರಾಮೀಣರಲ್ಲಿ ಒಂದೇ ಪದವಿಲ್ಲ. ಆಯ, ಕಾಣಿಕೆ, ದಕ್ಷಿಣೆ, ಹರಕೆ, ಮುಡಿಪು, ಮಡಿಲಕ್ಕಿ ಇವೆಲ್ಲವೂ ಒಂದಲ್ಲ ಒಂದು ಬಗೆಯಲ್ಲಿ ರೋಗ ಮತ್ತು ಗುಣದ ನಡುವೆ ಕೈಬದಲಾಗುವ ಸಂಪತ್ತನ್ನು ಹೆಸರಿಸುತ್ತವೆ. ಕಳೆದ ನೂರು ವರ್ಷಗಳಲ್ಲಿ ಇವುಗಳ ಸಾಲಿಗೆ ಫೀಜು, ಬಿಲ್ಲು, ಚೀಟಿ ಎಂಬ ಪದಗಳೂ ಬಂದು ಸೇರಿವೆ. ಮೊದಲ ಗುಂಪಿನ ಪದಗಳನ್ನೂ ಎರಡನೆಯ ಗುಂಪಿನವನ್ನೂ ಬೇರ್ಪಡಿಸುವುದು ಮೊತ್ತದ ಹೆಚ್ಚು ಕಡಿಮೆ ಎಂದು ಮೇಲುನೋಟಕ್ಕೆ ತೋರುತ್ತದೆ. ಸೂಕ್ಷ್ಮವಾಗಿ ಪರಿಶೀಲಿಸಿದಾಗ ಕಾಣುವ ವ್ಯತ್ಯಾಸ ಬೇರೆಯದು. ಆಯವನ್ನು ರೋಗ ಬರುವುದಕ್ಕೆ ಮುಂಚೆ ಕೊಡಲಾಗುತ್ತಿತ್ತು. ಕಾಣಿಕೆ, ಹರಕೆಗಳು ಗುಣವಾದ ಮೇಲೆ ಸಲ್ಲುತ್ತಿದ್ದವು. ಫೀಜು ಮತ್ತು ಚೀಟಿಯ ಹಣವನ್ನು ರೋಗಿ ನರಳುತ್ತಿರುವಾಗಲೇ ಎಣಿಸಬೇಕಾಗುತ್ತದೆ.

ಆರೋಗ್ಯ ಕ್ಷೇತ್ರದಲ್ಲಿ ಮುಕ್ತ ಮಾರುಕಟ್ಟೆಯ ಸುಧಾರಣೆಗಳನ್ನು ಕುರಿತ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ‘ಉಚಿತವೇ, ಹಣಕ್ಕೇ’ ಎಂಬ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆದಿದೆ. ಹಳ್ಳಿಗರು ಚಿಕಿತ್ಸೆಯನ್ನು ಎಂದೂ ಪೂರ್ತಿ ಉಚಿತವಾಗಿ ಪಡೆದವರಲ್ಲ. ಹಾಗೆ ಪಡೆಯಬೇಕೆಂದು ಬಯಸಿದವರೂ ಅಲ್ಲ. ಅವರ ಪದ್ಧತಿಗಳಲ್ಲಿ ಹುದುಗಿರುವ ಪ್ರಶ್ನೆ ‘ಎಷ್ಟು’ ಎಂಬುದಕ್ಕಿಂತ ‘ಯಾವಾಗ’ ಎಂಬುದನ್ನು ಕುರಿತದ್ದು. ಸ್ವಾತಂತ್ರ್ಯಾನಂತರದ, ವಿಶೇಷವಾಗಿ 1990ರ ದಶಕದಿಂದೀಚಿನ ಕರ್ನಾಟಕದ ಸುಧಾರಣೆಗಳನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಕಣದಲ್ಲಿ ಅಳೆದುಕೊಟ್ಟದ್ದು

ಚಿಕಿತ್ಸೆಗೆ ಮುಂಗಡವಾಗಿ ಸಂಪತ್ತನ್ನು ಎತ್ತಿಡುವ ಪದ್ಧತಿ ಕರ್ನಾಟಕದಲ್ಲಿ ಬಹಳ ಹಳೆಯದು. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ಅದನ್ನು ವಿದ್ಯಾಕೇಂದ್ರವೆಂದೂ ಅನ್ನದಾನದ ಸ್ಥಳವೆಂದೂ ಹೇಳುವುದರ ಜೊತೆಗೆ ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ದೊರೆಯುವ ತಾಣವೆಂದೂ ಕೊಂಡಾಡುತ್ತದೆ. ಅಂತಹ ಮಠಗಳು ದತ್ತಿಬಿಟ್ಟ ಭೂಮಿಯ ಉತ್ಪನ್ನದಿಂದ ನಡೆಯುತ್ತಿದ್ದವು. ರೋಗಿ ಬಾಗಿಲಿಗೆ ಬರುವ ಹೊತ್ತಿಗೆ ಅವನ ಗಂಜಿಯ ಬೆಲೆಯನ್ನೂ ಕಷಾಯದ ಬೆಲೆಯನ್ನೂ ಯಾವುದೋ ಗದ್ದೆ ಆಗಲೇ ತೆತ್ತಿರುತ್ತಿತ್ತು.

ಶಾಸನಗಳ ಲೋಕದಿಂದ ಸಾಮಾನ್ಯ ಹಳ್ಳಿಗೆ ಇಳಿದಾಗ ಎದುರಾಗುವುದು ಆಯಗಾರ ಪದ್ಧತಿ. ಸುಗ್ಗಿಯ ಕಣದಲ್ಲಿ ರಾಶಿ ಮಾಡಿದ ಕೂಡಲೇ, ಧಾನ್ಯ ರೈತನ ಮನೆ ಸೇರುವುದಕ್ಕೆ ಮೊದಲೇ, ಊರಿನ ಹನ್ನೆರಡು ಆಯಗಾರರ ಪಾಲನ್ನು ಅಳೆದುಕೊಡುವ ಕ್ರಮವಿತ್ತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ರಾಶಿಯ ಹಂಚಿಕೆಯನ್ನು ವಿವರವಾಗಿ ದಾಖಲಿಸಿದ್ದಾನೆ. ಆಯಗಾರರ ಪಟ್ಟಿಯಲ್ಲಿ ಕ್ಷೌರಿಕನಿಗೆ ಸ್ಥಾನವಿರುವುದು ಇಲ್ಲಿ ಮುಖ್ಯ. ಕುರು ಒಡೆಯುವುದು, ಕೆಟ್ಟ ರಕ್ತ ತೆಗೆಯುವುದು, ಹುಣ್ಣು ಶುಚಿಗೊಳಿಸುವುದು ಅವನ ಕೆಲಸದ ಭಾಗವಾಗಿದ್ದವು. ಅನೇಕ ಊರುಗಳಲ್ಲಿ ಅವನ ಮನೆಯ ಹೆಂಗಸೇ ಸೂಲಗಿತ್ತಿಯಾಗಿದ್ದಳು. ವರ್ಷದಲ್ಲಿ ಒಂದು ಮನೆಯಲ್ಲಿ ಮೂರು ಕುರು ಎದ್ದರೂ, ಒಂದೂ ಏಳದಿದ್ದರೂ ಕಣದಲ್ಲಿ ಅಳೆದ ಆಯದಲ್ಲಿ ವ್ಯತ್ಯಾಸವಾಗುತ್ತಿರಲಿಲ್ಲ. ಊರು ಆರೋಗ್ಯವಾಗಿದ್ದಷ್ಟೂ ಆಯಗಾರನಿಗೆ ಕೆಲಸ ಕಡಿಮೆ. ಇಂದಿನ ಆರ್ಥಿಕ ಪರಿಭಾಷೆಯಲ್ಲಿ ತಲಾ ಮುಂಗಡ ಪಾವತಿ ಎಂದು ಕರೆಯುವ ವ್ಯವಸ್ಥೆಗೆ ಇದು ತೀರ ಹತ್ತಿರದಲ್ಲಿದೆ.

ಹಾಗೆಂದು ಈ ಪದ್ಧತಿಯನ್ನು ಕೊಂಡಾಡುವುದು ಸರಿಯಾಗಲಾರದು. ಆಯ ಹಕ್ಕಾಗಿದ್ದಂತೆಯೇ ಕಟ್ಟುಪಾಡೂ ಆಗಿತ್ತು. ಕರೆದಾಗ ಬಾರೆನೆನ್ನುವ ಸ್ವಾತಂತ್ರ್ಯ ಕ್ಷೌರಿಕನಿಗಾಗಲಿ ಸೂಲಗಿತ್ತಿಗಾಗಲಿ ಇರಲಿಲ್ಲ. ರಾಶಿಯ ಒಡೆತನವಿಲ್ಲದವರಿಗೆ, ಅದರಲ್ಲೂ ಊರ ಹೊರಗೆ ಇರಿಸಲ್ಪಟ್ಟವರಿಗೆ, ಈ ಸೇವೆಯ ಬಾಗಿಲು ತೆರೆದಿರಲಿಲ್ಲ. ಜಾನಪದ ಅಧ್ಯಯನದಲ್ಲಿ ಹಳ್ಳಿಯ ಸ್ವಾವಲಂಬನೆಯನ್ನು ಕುರಿತು ಬರೆದಿರುವಷ್ಟು ಈ ಹೊರಗಿಡುವಿಕೆಯನ್ನು ಕುರಿತು ಬರೆದಿಲ್ಲ. ಮಾರುಕಟ್ಟೆಯ ನಗದು ಎಲ್ಲರಿಂದಲೂ ಒಂದೇ ಬೆಲೆ ಕೇಳುತ್ತದೆ ಎಂಬ ಕಾರಣಕ್ಕಾಗಿಯೇ ಅದನ್ನು ಬಿಡುಗಡೆಯೆಂದು ಕಂಡವರು ಈ ಹೊರಗಿನವರಲ್ಲಿ ಇದ್ದರು ಎಂಬುದನ್ನು ಮರೆಯಬಾರದು.

ಗುಣವಾದ ಮೇಲೆ

ಆಯದ ವ್ಯಾಪ್ತಿಗೆ ಬಾರದ ನಾಟಿವೈದ್ಯರದು ಇನ್ನೊಂದು ಕ್ರಮ. ಮೂಳೆ ಕಟ್ಟುವವರು, ಕಾಮಾಲೆಗೆ ಔಷಧ ಕೊಡುವವರು, ಸರ್ಪಸುತ್ತಿಗೆ ಮದ್ದು ಹಚ್ಚುವವರು, ವಿಷವೈದ್ಯರು ಇವರಲ್ಲಿ ಹಲವರು ಮದ್ದಿಗೆ ಬೆಲೆ ಹೇಳುವುದಿಲ್ಲ. ದುಡ್ಡು ಕೇಳಿದರೆ ಮದ್ದು ಹಿಡಿಯುವುದಿಲ್ಲ, ಕೈಗುಣ ಹೋಗುತ್ತದೆ ಎಂಬ ನಂಬಿಕೆ ನಾಡಿನ ಎಲ್ಲ ಭಾಗಗಳಲ್ಲೂ ಕಂಡುಬರುತ್ತದೆ. ಎಲೆ ಅಡಿಕೆ, ತೆಂಗಿನಕಾಯಿ, ಮನಸ್ಸಿಗೆ ಬಂದಷ್ಟು ಕಾಣಿಕೆ ಇವು ಬೆಲೆಯಲ್ಲವೆಂದೇ ಎರಡೂ ಕಡೆಯವರು ಭಾವಿಸುತ್ತಾರೆ. ಸೂಲಗಿತ್ತಿಗೆ ಪುರುಡು ಕಳೆದ ಮೇಲೆ ಮೊರದಲ್ಲಿ ಅಕ್ಕಿ, ಬೆಲ್ಲ, ಕುಪ್ಪಸದ ಕಣವನ್ನಿಟ್ಟು ಮಡಿಲು ತುಂಬುತ್ತಾರೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಏಳು ದಶಕಗಳ ಕಾಲ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಕೇಳದೆ ಮಾಡಿಸಿದವರೆಂದು ಖ್ಯಾತರಾದರು. 2018ರಲ್ಲಿ ಪದ್ಮಶ್ರೀ ಪಡೆದ ಅವರು ಅದೇ ವರ್ಷದ ಡಿಸೆಂಬರಿನಲ್ಲಿ ನಿಧನರಾದರು.

ಕೈಗುಣವೆಂಬ ಪದಕ್ಕೆ ಇಲ್ಲಿ ಸ್ವಲ್ಪ ಹೆಚ್ಚಿನ ಗಮನ ಸಲ್ಲಬೇಕು. ನಾಟಿವೈದ್ಯನಿಗೆ ಮಾತ್ರವಲ್ಲ, ಎಂ.ಬಿ.ಬಿ.ಎಸ್. ಓದಿದ ವೈದ್ಯನಿಗೂ ಹಳ್ಳಿಗರು ಈ ಪದವನ್ನು ಅನ್ವಯಿಸುತ್ತಾರೆ. ಒಂದೇ ಗುಳಿಗೆಯನ್ನು ಇಬ್ಬರು ವೈದ್ಯರು ಕೊಟ್ಟರೂ ಒಬ್ಬನ ಕೈಯಲ್ಲಿ ಗುಣವಾಗುತ್ತದೆ, ಇನ್ನೊಬ್ಬನ ಕೈಯಲ್ಲಿ ಆಗುವುದಿಲ್ಲ. ಇದನ್ನು ಮೂಢನಂಬಿಕೆಯೆಂದು ಬದಿಗೊತ್ತುವುದು ಸುಲಭ. ಆದರೆ ಮದ್ದಿನ ಯೋಗ್ಯತೆಯನ್ನು ಕೊಳ್ಳುವ ಮುನ್ನ ಪರೀಕ್ಷಿಸಲು ರೋಗಿಗೆ ಸಾಧ್ಯವಿಲ್ಲವೆಂಬ ಸತ್ಯವನ್ನು ಇದು ಒಳಗೊಂಡಿದೆ. ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ ಸಂತೆಯಲ್ಲಿ ಬೆಲೆ ಕಟ್ಟುವ ರೈತನಿಗೆ ವೈದ್ಯನ ಮುಂದೆ ಹಾಗೆ ಮಾಡಲಾಗದು. ಅದಕ್ಕಾಗಿ ಅವನು ನೆರೆಹೊರೆಯವರ ಅನುಭವವನ್ನು ಕೈಗುಣವೆಂಬ ಒಂದು ಪದದಲ್ಲಿ ಕೂಡಿಟ್ಟುಕೊಂಡಿದ್ದಾನೆ.

ಮುಡಿಪಿನ ಸಂಗತಿ ಇನ್ನೂ ಕುತೂಹಲಕರವಾದದ್ದು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ತಿರುಪತಿಯ ತಿಮ್ಮಪ್ಪನಿಗೋ ಧರ್ಮಸ್ಥಳದ ಮಂಜುನಾಥನಿಗೋ ಹರಕೆ ಹೊತ್ತು ಅರಿಶಿನದ ಬಟ್ಟೆಯಲ್ಲಿ ನಾಣ್ಯವನ್ನು ಕಟ್ಟಿ ಎತ್ತಿಡುತ್ತಾರೆ. ಹಣ ಮನೆಯಲ್ಲೇ ಇದ್ದರೂ ಮನೆಯವರದಲ್ಲ. ದೇವರಿಗೆ ಇನ್ನೂ ಸಂದೂ ಇಲ್ಲ. ಗುಣವಾದ ಮೇಲಷ್ಟೇ ಅದು ಕ್ಷೇತ್ರ ಸೇರುತ್ತದೆ. ಫಲ ಕಂಡ ಮೇಲೆ ಪಾವತಿ ಎಂಬ ತತ್ತ್ವವನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದ ಕರಾರು ಆಧುನಿಕ ವಿಮಾ ಸಂಸ್ಥೆಗಳಲ್ಲಿಯೂ ವಿರಳ.

ಮುಂಚೆಯೂ ಕೊಡಲಾಗದೆ, ಆಮೇಲೆ ಕೊಡುವ ಅವಕಾಶವೂ ಇಲ್ಲದೆ, ರೋಗದ ಮಧ್ಯದಲ್ಲಿ ನಗದನ್ನು ಹೊಂದಿಸಬೇಕಾಗಿ ಬಂದವರ ಗತಿ ಏನಾಗುತ್ತಿತ್ತು ಎಂಬುದಕ್ಕೆ ಜೀತಪದ್ಧತಿಯ ಚರಿತ್ರೆ ಸಾಕ್ಷಿ. ಮದುವೆ ಮತ್ತು ಕಾಯಿಲೆ ಇವೆರಡೇ ಜೀತದ ಸಾಲಕ್ಕೆ ಪ್ರಧಾನ ಕಾರಣಗಳಾಗಿದ್ದವು. 1976ರಲ್ಲಿ ಕೇಂದ್ರದ ಜೀತ ನಿರ್ಮೂಲನ ಕಾಯಿದೆಯೂ, ದೇವರಾಜ ಅರಸು ಸರ್ಕಾರದ ಋಣಪರಿಹಾರ ಕಾಯಿದೆಯೂ ಬಂದಾಗ ರದ್ದಾದ ಸಾಲಪತ್ರಗಳ ಹಿಂದೆ ಎಷ್ಟೋ ಕಾಯಿಲೆಗಳಿದ್ದವು.

ಸರ್ಕಾರಿ ಆಸ್ಪತ್ರೆ ಮತ್ತು ವೈದ್ಯ ವಿದ್ಯೆಯ ಬೆಲೆ

ಮೈಸೂರು ಸಂಸ್ಥಾನವು ತೆರಿಗೆಯ ಹಣದಿಂದ ಚಿಕಿತ್ಸೆ ಒದಗಿಸುವ ದಾರಿಯನ್ನು ಬೇಗನೆ ಹಿಡಿಯಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಆರಂಭವಾಯಿತು. 1930ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ತರಬೇತಿಯ ಕೇಂದ್ರ ನೆಲೆಗೊಂಡಿತು. 1943ರಲ್ಲಿ ನೇಮಕಗೊಂಡ ಜೋಸೆಫ್ ಭೋರ್ ಸಮಿತಿಯು 1946ರ ವರದಿಯಲ್ಲಿ, ಹಣ ಕೊಡಲು ಶಕ್ತಿಯಿಲ್ಲವೆಂಬ ಕಾರಣದಿಂದ ಯಾರೊಬ್ಬರಿಗೂ ಸಮರ್ಪಕ ಚಿಕಿತ್ಸೆ ತಪ್ಪಬಾರದೆಂಬ ತತ್ತ್ವವನ್ನು ಮುಂದಿಟ್ಟಿತು. ರಾಜ್ಯದ ತೆರಿಗೆಯನ್ನು ಇಡೀ ಜನತೆಯ ಆಯವೆಂದು ಭಾವಿಸಿದರೆ ಇದು ಕಣದ ಪದ್ಧತಿಯ ವಿಸ್ತೃತ ರೂಪವೇ ಸರಿ. ಊರ ಹೊರಗಿನವರಿಗೂ ಬಾಗಿಲು ತೆರೆದದ್ದು ಇದರ ಹೆಚ್ಚುಗಾರಿಕೆ. ಆದರೆ ಭೋರ್ ಸಮಿತಿ ಬಯಸಿದಷ್ಟು ಹಣವನ್ನು ಯಾವ ಸರ್ಕಾರವೂ ಎತ್ತಿಡಲಿಲ್ಲ.

ಕರ್ನಾಟಕದಲ್ಲಿ ಮಾರುಕಟ್ಟೆ ಮೊದಲು ಪ್ರವೇಶಿಸಿದ್ದು ರೋಗಿಯ ಬಳಿಗಲ್ಲ, ವೈದ್ಯ ವಿದ್ಯಾರ್ಥಿಯ ಬಳಿಗೆ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ, ಸರ್ಕಾರದ ಅನುದಾನವನ್ನು ನೆಚ್ಚದೆ ವಿದ್ಯಾರ್ಥಿಗಳ ಹಣದಿಂದಲೇ ವೈದ್ಯಶಿಕ್ಷಣವನ್ನು ನಡೆಸಬಹುದೆಂಬ ಪ್ರಯೋಗ ದೇಶದಲ್ಲಿ ಮೊದಲ ಬಾರಿಗೆ ಆರಂಭವಾಯಿತು. ಸಾರ್ವಜನಿಕ ಬೊಕ್ಕಸದಲ್ಲಿ ಹಣವಿಲ್ಲದ ಕಾಲದಲ್ಲಿ ಕರಾವಳಿಗೆ ವೈದ್ಯರು ದೊರೆತದ್ದು ಸಾಮಾನ್ಯ ಸಾಧನೆಯಲ್ಲ. 1960ರ ದಶಕದಲ್ಲಿ ಬೆಳಗಾವಿ, ದಾವಣಗೆರೆಗಳಲ್ಲಿಯೂ ಮುಂದೆ ಬೆಂಗಳೂರು ಹಾಗೂ ಇತರ ನಗರಗಳಲ್ಲಿಯೂ ಖಾಸಗಿ ಕಾಲೇಜುಗಳು ತಲೆಯೆತ್ತಿದವು.

ಇದರ ಇನ್ನೊಂದು ಮುಖ ಕ್ಯಾಪಿಟೇಶನ್ ಶುಲ್ಕ. ಅದನ್ನು ನಿಷೇಧಿಸಿ ರಾಜ್ಯ 1984ರಲ್ಲಿ ಕಾಯಿದೆ ಮಾಡಿತು. ಅದೇ ಕಾಯಿದೆಯಡಿ 1989ರ ಅಧಿಸೂಚನೆಯು ಖಾಸಗಿ ವೈದ್ಯಕೀಯ ಕಾಲೇಜುಗಳ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ಎಂದು ಶುಲ್ಕ ಗೊತ್ತುಮಾಡಿತು. ಮೋಹಿನಿ ಜೈನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಇದನ್ನು ತಳ್ಳಿಹಾಕಿತು, 1993ರ ಉನ್ನಿಕೃಷ್ಣನ್ ತೀರ್ಪು ‘ಉಚಿತ ಸೀಟು’, ‘ಪಾವತಿ ಸೀಟು’ಗಳ ವ್ಯವಸ್ಥೆ ತಂದಿತು, 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದ 11 ನ್ಯಾಯಾಧೀಶರ ಪೀಠ ಆ ವ್ಯವಸ್ಥೆಯನ್ನೂ ಕೈಬಿಟ್ಟಿತು. ಭಾರತದ ವೈದ್ಯಶಿಕ್ಷಣದ ಬೆಲೆಯನ್ನು ಕುರಿತ ಪ್ರಮುಖ ವ್ಯಾಜ್ಯಗಳಲ್ಲಿ ಎರಡು ಕರ್ನಾಟಕದ ಹೆಸರಿನಲ್ಲೇ ನಡೆದಿವೆ. ವಿದ್ಯೆಗೆ ಕೊಟ್ಟ ಬೆಲೆಯನ್ನು ವೈದ್ಯ ಮುಂದೆ ಯಾರಿಂದ ಹಿಂಪಡೆಯುತ್ತಾನೆ ಎಂಬ ಪ್ರಶ್ನೆ ಈ ತೀರ್ಪುಗಳ ಅಂಚಿನಲ್ಲಿ ಉಳಿಯಿತು. ದುಡ್ಡು ತಗೊಂಡರೆ ಕೈಗುಣ ಹೋಗುತ್ತದೆ ಎಂದು ನಂಬಿದ್ದ ಸಮಾಜದಲ್ಲಿ ದುಡ್ಡು ಕೊಟ್ಟು ಕೈಗುಣ ಸಂಪಾದಿಸುವ ಹೊಸ ಸನ್ನಿವೇಶ ಹೀಗೆ ರೂಪುಗೊಂಡಿತು.

ಕಿಟಕಿಯ ಮುಂದೆ

ಮುಕ್ತ ಮಾರುಕಟ್ಟೆಯ ವಾದಕ್ಕೆ ಸೈದ್ಧಾಂತಿಕ ರೂಪ ದೊರೆತದ್ದು ಅಮೆರಿಕದಲ್ಲಿ. ಮಿಲ್ಟನ್ ಫ್ರೀಡ್ಮನ್ 1962ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ವೈದ್ಯವೃತ್ತಿಗೆ ಪರವಾನಗಿ ನೀಡುವ ಪದ್ಧತಿಯೇ ವೈದ್ಯರ ಏಕಸ್ವಾಮ್ಯವನ್ನು ಪೋಷಿಸುತ್ತದೆ, ಅದನ್ನು ತೆಗೆದರೆ ಬೆಲೆಯೂ ಇಳಿಯುತ್ತದೆ, ಹೊಸತನವೂ ಬರುತ್ತದೆ ಎಂದು ವಾದಿಸಿದರು. ಮರುವರ್ಷವೇ ಕೆನೆತ್ ಆರೋ ಬರೆದ ಪ್ರಬಂಧ ಇದಕ್ಕೆ ವ್ಯತಿರಿಕ್ತವಾದ ದಿಕ್ಕನ್ನು ತೋರಿತು. ಕಾಯಿಲೆ ಯಾವಾಗ ಬರುತ್ತದೆಂದು ತಿಳಿಯದು, ಚಿಕಿತ್ಸೆ ಫಲಿಸುವುದೇ ಎಂದೂ ತಿಳಿಯದು, ವೈದ್ಯನಿಗೆ ತಿಳಿದದ್ದು ರೋಗಿಗೆ ತಿಳಿಯದು. ಆದಕಾರಣ ಸಾಮಾನ್ಯ ಸರಕಿನ ಮಾರುಕಟ್ಟೆಯ ನಿಯಮಗಳು ಇಲ್ಲಿ ನೇರವಾಗಿ ನಡೆಯವು ಎಂಬುದು ಆರೋ ಅವರ ನಿಲುವು.

ಕನ್ನಡದ ಎರಡು ಗಾದೆಗಳು ಈ ವಾಗ್ವಾದದ ಎರಡು ಬದಿಗಳಲ್ಲಿ ನಿಲ್ಲುತ್ತವೆ. ‘ಕಾಸಿಗೆ ತಕ್ಕ ಕಜ್ಜಾಯ’ ಎಂಬುದು ಬೆಲೆಗೂ ಗುಣಕ್ಕೂ ನಂಟು ಕಟ್ಟುವ ಸಂತೆಯ ವಿವೇಕ. ‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬುದನ್ನು ಇಬ್ಬರ ಇಚ್ಛೆ ಆಕಸ್ಮಿಕವಾಗಿ ಕೂಡಿಬಂದಾಗ ಬಳಸುವುದು ರೂಢಿ. ಆ ಗಾದೆಯಲ್ಲಿ ಸಂತೋಷದಷ್ಟೇ ಗುಮಾನಿಯೂ ಇದೆ. ಹಾಲು ಅನ್ನದ ಜಾಗದಲ್ಲಿ ಸೂಜಿಯನ್ನೋ ಗ್ಲೂಕೋಸ್ ಬಾಟಲಿಯನ್ನೋ ಇಟ್ಟು ನೋಡಿದರೆ ಆರೋ ಹೇಳಿದ ತೊಡಕು ತಾನಾಗಿ ಸ್ಪಷ್ಟವಾಗುತ್ತದೆ.

ವಿಶ್ವಬ್ಯಾಂಕು 1987ರಲ್ಲಿ ಬಡ ದೇಶಗಳ ಆರೋಗ್ಯ ಹಣಕಾಸನ್ನು ಕುರಿತು ಪ್ರಕಟಿಸಿದ ನೀತಿಪತ್ರವು ಬಳಕೆದಾರರ ಶುಲ್ಕ, ವಿಮೆ, ಖಾಸಗಿ ವಲಯದ ಬಳಕೆ, ವಿಕೇಂದ್ರೀಕರಣ ಎಂಬ ನಾಲ್ಕು ಸೂತ್ರಗಳನ್ನು ಮುಂದಿಟ್ಟಿತು. ಕರ್ನಾಟಕಕ್ಕೆ ಇವು ತಲುಪಿದ್ದು 1996ರಲ್ಲಿ. ಕರ್ನಾಟಕ, ಪಂಜಾಬ್, ಪಶ್ಚಿಮ ಬಂಗಾಳಗಳಿಗೆ ಒಟ್ಟಾಗಿ ದೊರೆತ ವಿಶ್ವಬ್ಯಾಂಕಿನ ಸಾಲದಡಿ ಆರಂಭವಾದ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ತಾಲ್ಲೂಕು, ಜಿಲ್ಲಾ ಮಟ್ಟದ ಆಸ್ಪತ್ರೆಗಳ ಕಟ್ಟಡಗಳನ್ನು ಎತ್ತಿನಿಲ್ಲಿಸಿತು, ಉಪಕರಣ ಕೊಡಿಸಿತು. ಜೊತೆಗೆ ಶುಲ್ಕ ಸಂಗ್ರಹಿಸಿ ಆಯಾ ಆಸ್ಪತ್ರೆಯೇ ಬಳಸಿಕೊಳ್ಳುವ ಪದ್ಧತಿಗೆ ಒತ್ತುಕೊಟ್ಟಿತು. ಬಡತನ ರೇಖೆಗಿಂತ ಕೆಳಗಿನವರಿಗೆ ವಿನಾಯಿತಿ ಇತ್ತು.

ಶುಲ್ಕದ ಪರವಾದ ವಾದವನ್ನು ನ್ಯಾಯವಾಗಿ ಮಂಡಿಸಬೇಕಾದುದು ಅಗತ್ಯ. ಉಚಿತವೆಂದು ಬೋರ್ಡು ತೂಗಿದ ಆಸ್ಪತ್ರೆಗಳಲ್ಲಿ ಕೈ ಬೆಚ್ಚಗೆ ಮಾಡದೆ ಹೆರಿಗೆ ಕೋಣೆಯ ಬಾಗಿಲು ತೆರೆಯದ ಅನುಭವ ಬಡವರಿಗೆ ಹೊಸದಾಗಿರಲಿಲ್ಲ. ಗಂಡುಮಗುವಿಗೆ ಒಂದು ದರ, ಹೆಣ್ಣುಮಗುವಿಗೆ ಒಂದು ದರ ಎಂಬ ಗುಟ್ಟಿನ ಬೆಲೆಪಟ್ಟಿಗಿಂತ ಗೋಡೆಯ ಮೇಲಿನ ಬೆಲೆಪಟ್ಟಿ ಮೇಲೆಂದು ಸುಧಾರಕರು ಹೇಳಿದರು. ಆಸ್ಪತ್ರೆಯಲ್ಲೇ ಉಳಿಯುವ ಹಣದಿಂದ ಬಲ್ಬು, ಬ್ಯಾಂಡೇಜು, ಜನರೇಟರಿನ ಡೀಸೆಲ್ಲಿಗೆ ರಾಜಧಾನಿಯ ಆದೇಶ ಕಾಯಬೇಕಾಗಿಲ್ಲ ಎಂಬುದೂ ಸಣ್ಣ ಲಾಭವಲ್ಲ. ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರಲ್ಲಿ ಸಲ್ಲಿಸಿದ ವರದಿ ಭ್ರಷ್ಟಾಚಾರವನ್ನು ರಾಜ್ಯದ ಆರೋಗ್ಯ ಸೇವೆಯ ದೊಡ್ಡ ಪಿಡುಗುಗಳಲ್ಲಿ ಒಂದೆಂದು ಗುರುತಿಸಿತ್ತು. ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಸ್ವಯಂಸೇವಾ ಸಂಸ್ಥೆಯಾದ ಕರುಣಾ ಟ್ರಸ್ಟಿಗೆ ವಹಿಸಿದ ಪ್ರಯೋಗವೂ, ರಾಯಚೂರಿನ ಒಪೆಕ್ ನೆರವಿನ ಆಸ್ಪತ್ರೆಯ ನಿರ್ವಹಣೆಯನ್ನು 2000ದ ದಶಕದಲ್ಲಿ ಅಪೋಲೊ ಸಂಸ್ಥೆಗೆ ಒಪ್ಪಿಸಿದ ಪ್ರಯೋಗವೂ ಇದೇ ಕಾಲದ ಹುಡುಕಾಟಗಳು.

ಆದರೆ ಶುಲ್ಕದ ಕಿಟಕಿ ಪಾವತಿಯ ಗಳಿಗೆಯನ್ನು ರೋಗದ ಗಳಿಗೆಗೇ ತಂದು ನಿಲ್ಲಿಸಿತು. ವಿನಾಯಿತಿಯೂ ಅದೇ ಗಳಿಗೆಯಲ್ಲಿ ಸಾಬೀತಾಗಬೇಕು: ಜ್ವರದಲ್ಲಿ ಬಂದವನು ಪಡಿತರ ಚೀಟಿ ತಂದಿರಬೇಕು, ತಂದಿಲ್ಲದಿದ್ದರೆ ಹಣ ಕಟ್ಟಬೇಕು ಅಥವಾ ಊರಿಗೆ ಮರಳಬೇಕು. ಕೈಸಾಲದವನು ಆಸ್ಪತ್ರೆಯ ಹೊಸ್ತಿಲಿಗೆ ಹತ್ತಿರವಾಗುವುದು ಇಂಥಲ್ಲಿಯೇ. ಅಮೆರಿಕದಲ್ಲಿ 1970ರ ದಶಕದಲ್ಲಿ ಆರಂಭವಾದ ರ್‍ಯಾಂಡ್ ಸಂಸ್ಥೆಯ ವಿಮಾ ಪ್ರಯೋಗವು, ರೋಗಿಯ ಕೈಯಿಂದ ಪಾಲು ಹಣ ವಸೂಲು ಮಾಡಿದಾಗ ಅನಗತ್ಯ ಚಿಕಿತ್ಸೆಯಂತೆಯೇ ಅಗತ್ಯ ಚಿಕಿತ್ಸೆಯೂ ಕುಗ್ಗುತ್ತದೆಂದು ಕಂಡುಕೊಂಡಿತ್ತು. ಬಹುಪಾಲು ಜನರ ಆರೋಗ್ಯಕ್ಕೆ ಅದರಿಂದ ಹಾನಿ ಕಾಣಲಿಲ್ಲ; ರಕ್ತದೊತ್ತಡವಿದ್ದ ಬಡವರಿಗೆ ಕಂಡಿತು.

ಅರವತ್ತು ರೂಪಾಯಿ

ಈ ಹಿನ್ನೆಲೆಯಲ್ಲಿ ಯಶಸ್ವಿನಿ ಯೋಜನೆಯ ಚರಿತ್ರೆ ವಿಶೇಷ ಗಮನಕ್ಕೆ ಅರ್ಹವಾಗಿದೆ. ಹೃದಯತಜ್ಞ ಡಾ. ದೇವಿ ಶೆಟ್ಟಿ ಅವರ ಕಲ್ಪನೆಯನ್ನು ರಾಜ್ಯದ ಸಹಕಾರ ಇಲಾಖೆ ಕೈಗೆತ್ತಿಕೊಂಡು 2003ರ ಜೂನ್ 1ರಿಂದ ಜಾರಿಗೆ ತಂದಿತು. ಸಹಕಾರ ಸಂಘದ ಸದಸ್ಯನಾದ ರೈತ ತಲೆಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ, ವಂತಿಗೆ ಕಟ್ಟಿದರೆ ಸುಮಾರು 1,600 ಬಗೆಯ ಶಸ್ತ್ರಚಿಕಿತ್ಸೆಗಳು ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ನಗದಿಲ್ಲದೆ ದೊರೆಯುತ್ತಿದ್ದವು. ಆಸ್ಪತ್ರೆಗಳು ಬಹುಮಟ್ಟಿಗೆ ಖಾಸಗಿಯವು. ಪ್ರತಿಯೊಂದು ಶಸ್ತ್ರಚಿಕಿತ್ಸೆಗೂ ಮೊದಲೇ ನಿಗದಿಯಾದ ದರವಿತ್ತು. ಹೊಣೆ ಹೊತ್ತದ್ದು ವಿಮಾ ಕಂಪನಿಯಲ್ಲ. ಸದಸ್ಯರ ವಂತಿಗೆಗೆ ಸರ್ಕಾರದ ನೆರವನ್ನು ಕೂಡಿಸಿದ ಟ್ರಸ್ಟು. ಮಾರುಕಟ್ಟೆ, ಸಹಕಾರ, ಸರ್ಕಾರ ಮೂರೂ ಒಂದೇ ನೊಗಕ್ಕೆ ಹೆಗಲು ಕೊಟ್ಟ ಇಂಥ ವ್ಯವಸ್ಥೆಯನ್ನು ಮುಕ್ತ ಮಾರುಕಟ್ಟೆಯೆನ್ನಬೇಕೇ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞರು ವಾದಿಸಬಹುದು. ರೈತ ಅದನ್ನು ತನಗೆ ಪರಿಚಿತವಾದ ಸಂಘದ ವ್ಯವಹಾರವೆಂದು ಗುರುತಿಸಿದ.

ಮೊದಲ ವರ್ಷವೇ 16 ಲಕ್ಷ ಜನ ಸೇರಿದರು. ಎರಡನೆಯ ವರ್ಷ ಸಂಖ್ಯೆ 20 ಲಕ್ಷ ದಾಟಿತು. ವಿಮೆಯೆಂದರೆ ಸತ್ತ ಮೇಲೆ ಬರುವ ಹಣವೆಂದು ತಿಳಿದಿದ್ದ ಹಳ್ಳಿಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ವಂತಿಗೆ ಎತ್ತುತ್ತಿದ್ದವನು ಅಪರಿಚಿತ ಏಜೆಂಟನಲ್ಲ, ಊರಿನ ಸಹಕಾರ ಸಂಘದ ಕಾರ್ಯದರ್ಶಿ. ಮುಂಚಿತವಾಗಿ, ಎಲ್ಲರೂ ಸಮನಾಗಿ, ಪರಿಚಿತರ ಕೈಗೆ ಎಂಬ ಮೂರು ಲಕ್ಷಣಗಳು ಆಯದ ಸ್ಮೃತಿಯನ್ನು ಮರುಕಳಿಸಿದವು ಎಂದು ಊಹಿಸಲು ಅವಕಾಶವಿದೆ. ಮೂರನೆಯ ವರ್ಷ, 2005–06ರಲ್ಲಿ, ವಂತಿಗೆಯನ್ನು 120 ರೂಪಾಯಿಗೆ ಏರಿಸಿದಾಗ ಸದಸ್ಯರ ಸಂಖ್ಯೆ 15 ಲಕ್ಷಕ್ಕಿಂತ ಕೆಳಗಿಳಿಯಿತು. ಐದು ಜನರ ಮನೆಗೆ ಅದು 300ರಿಂದ 600 ರೂಪಾಯಿಯ ಜಿಗಿತ. ಯಾರು ಬಿಟ್ಟರು, ಯಾರು ಉಳಿದರು ಎಂಬುದು ಇಂಥ ಎಲ್ಲ ಯೋಜನೆಗಳ ಮರ್ಮ. ಕಾಯಿಲೆಯವರೇ ಉಳಿದು ಗಟ್ಟಿಮುಟ್ಟಾದವರು ಬಿಡತೊಡಗಿದರೆ ನಿಧಿ ಬತ್ತುತ್ತದೆ. ಕಣದಲ್ಲಿ ಈ ತೊಡಕು ಇರಲಿಲ್ಲ, ಏಕೆಂದರೆ ಅಲ್ಲಿ ಬಿಡುವ ಸ್ವಾತಂತ್ರ್ಯವೇ ಇರಲಿಲ್ಲ.

ಇನ್ನೊಂದು ಭೇದವನ್ನೂ ಗಮನಿಸಬೇಕು. ಆಯ ಪಡೆದವನಿಗೆ ಕತ್ತಿ ಹಿಡಿದರೂ ಹಿಡಿಯದಿದ್ದರೂ ಧಾನ್ಯ ಸಲ್ಲುತ್ತಿತ್ತು. ಯಶಸ್ವಿನಿಯ ಹಣ ಆಸ್ಪತ್ರೆಗೆ ಸಲ್ಲುವುದು ಮುಖ್ಯವಾಗಿ ಕತ್ತಿ ಹಿಡಿದಾಗ. ಜ್ವರ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇವಕ್ಕೆ ದಿನವೂ ನುಂಗುವ ಗುಳಿಗೆಯ ಖರ್ಚು ರೈತನ ಜೇಬಿನಲ್ಲೇ ಉಳಿಯಿತು. ಹಾವು ಕಡಿತ, ನಾಯಿ ಕಡಿತ, ಎತ್ತಿನ ತಿವಿತಗಳು ಮುಂದೆ ಯೋಜನೆಗೆ ಸೇರಿದವು. ವಿಷವೈದ್ಯನ ಪರಂಪರಾಗತ ಕ್ಷೇತ್ರವನ್ನು ಒಂದು ಸರ್ಕಾರಿ ಅನುಸೂಚಿ ತನ್ನದಾಗಿಸಿಕೊಂಡ ಪ್ರಸಂಗವಿದು. ಸಹಕಾರ ಸಂಘದ ಸದಸ್ಯತ್ವವಿಲ್ಲದ ಭೂರಹಿತ ಕೂಲಿಕಾರರಲ್ಲಿ ಬಹುಪಾಲು ಜನ ಹೊರಗುಳಿದರು. ರಾಶಿಯಿಲ್ಲದವನಿಗೆ ಆಯದ ಸೇವೆಯಿಲ್ಲವೆಂಬ ಹಳೆಯ ಗೆರೆಯೇ ಇಲ್ಲಿ ಹೊಸ ಹೆಸರಿನಲ್ಲಿ ಮೂಡಿತು.

ಅವರನ್ನು ಒಳಗೊಳ್ಳಲು ಬಂದದ್ದು ವಾಜಪೇಯಿ ಆರೋಗ್ಯಶ್ರೀ. 2010ರಲ್ಲಿ ಗುಲ್ಬರ್ಗ ವಿಭಾಗದಲ್ಲಿ ಮೊದಲು ಜಾರಿಗೊಂಡ ಈ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನವರು ವಂತಿಗೆಯನ್ನೇ ಕಟ್ಟಬೇಕಾಗಿರಲಿಲ್ಲ. ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಮೊದಲಾದ ಗಂಭೀರ ರೋಗಗಳ ಚಿಕಿತ್ಸೆಯನ್ನು ರಾಜ್ಯವು ಖಾಸಗಿ ಮತ್ತು ಸರ್ಕಾರಿ ಆಸ್ಪತ್ರೆಗಳಿಂದ ನಿಗದಿತ ದರಕ್ಕೆ ಕೊಂಡು ಕೊಡುತ್ತಿತ್ತು. ಯೋಜನೆ ಜಾರಿಯಾದ 300 ಹಳ್ಳಿಗಳನ್ನೂ ಗಡಿಯಾಚೆಗಿನ 272 ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದಾದ ಸಾವಿನ ಪ್ರಮಾಣ ಅರ್ಹ ಕುಟುಂಬಗಳಲ್ಲಿ ಶೇ. 0.32, ಗಡಿಯಾಚೆಗಿನ ಕುಟುಂಬಗಳಲ್ಲಿ ಶೇ. 0.90 ಇತ್ತು, ಅಂಥ ಚಿಕಿತ್ಸೆಗೆ ಕೈಯಿಂದ ತೆರುವ ಹಣ ಶೇ. 34ರಷ್ಟು ಕಡಿಮೆಯಾಗಿತ್ತು. ಖಾಸಗಿ ಆಸ್ಪತ್ರೆಯ ಸಾಮರ್ಥ್ಯ ಬಡವನ ಪ್ರಾಣ ಉಳಿಸಬಲ್ಲದು ಎಂಬುದಕ್ಕೆ ಇದು ಬಲವಾದ ಆಧಾರ. ಅಲ್ಲಿ ಕೆಲಸ ಮಾಡಿದ್ದು ಬೆಲೆಯ ಮುಕ್ತತೆಯಲ್ಲ. ರೋಗಿಯ ಕೈಯಿಂದ ಪಾವತಿಯ ಗಳಿಗೆಯನ್ನು ದೂರವಿಟ್ಟದ್ದು ಎಂಬುದನ್ನೂ ಹೇಳಲೇಬೇಕು.

ಅದೇ ವಿಭಾಗದ ಕಲಬುರಗಿ ಜಿಲ್ಲೆಯಲ್ಲಿ 2015ರಲ್ಲಿ ಬೇರೊಂದು ಸಂಗತಿ ಬೆಳಕಿಗೆ ಬಂದಿತು. ಖಾಸಗಿ ಆಸ್ಪತ್ರೆಗಳಲ್ಲಿ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳೂ ಸೇರಿದಂತೆ ಅನೇಕ ಬಡ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದಿದ್ದಾರೆಂಬ ದೂರುಗಳು ತನಿಖೆಗೆ ಒಳಗಾದವು. ಹೊಟ್ಟೆನೋವಿಗೆ ಮದ್ದು ಕೇಳಿ ಬಂದವರಿಗೆ ಶಸ್ತ್ರಚಿಕಿತ್ಸೆಯನ್ನು ಸೂಚಿಸಲಾಗಿತ್ತು. ವೈದ್ಯ ಹೇಳಿದ್ದನ್ನು ಅಲ್ಲಗಳೆಯುವ ತಿಳಿವಳಿಕೆ ರೋಗಿಗೆ ಇಲ್ಲದಿರುವಾಗ ಕೈಗುಣದ ನಂಬಿಕೆಯೇ ಅವಳಿಗೆ ಮುಳುವಾಗಬಲ್ಲದು. ನಾಟಿವೈದ್ಯನ ಕೈಗುಣವನ್ನು ಊರು ತಲೆತಲಾಂತರದಿಂದ ಅಳೆದಿರುತ್ತದೆ. ನಗರದ ಆಸ್ಪತ್ರೆಯನ್ನು ಅಳೆಯುವ ಸೇರು ಊರಿನ ಬಳಿ ಇಲ್ಲ.

ಅಳೆಯುವ ಸೇರನ್ನು ಶಾಸನಸಭೆ ಒದಗಿಸಲು ಯತ್ನಿಸಿತು. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯ ಪರಿಶೀಲನೆಯ ತರುವಾಯ 2017ರಲ್ಲಿ ತಿದ್ದುಪಡಿ ತರಲು ಹೊರಟಾಗ, ಖಾಸಗಿ ಚಿಕಿತ್ಸೆಯ ದರವನ್ನು ಸರ್ಕಾರ ನಿಗದಿಮಾಡುವ ಅಂಶವೂ ವೈದ್ಯರಿಗೆ ಶಿಕ್ಷೆ ವಿಧಿಸುವ ಅಂಶವೂ ತೀವ್ರ ವಿರೋಧಕ್ಕೆ ಗುರಿಯಾದವು. ನವೆಂಬರಿನಲ್ಲಿ ವೈದ್ಯರು ಮುಷ್ಕರ ಹೂಡಿದರು. ಬೆಳಗಾವಿ ಅಧಿವೇಶನದಲ್ಲಿ ಮಸೂದೆ ಅಂಗೀಕಾರವಾಗುವ ಹೊತ್ತಿಗೆ ದರನಿಗದಿ ಸರ್ಕಾರಿ ಯೋಜನೆಗಳಿಗೆ ಸೀಮಿತಗೊಂಡಿತ್ತು. ಜನರ ನೆನಪಿನಲ್ಲಿ ಉಳಿದದ್ದು ಈ ಸೆಣಸಾಟವೇ. ಇದರ ಗದ್ದಲದಲ್ಲಿ ಮರೆಯಾದ ಎರಡು ಅಂಶಗಳು ಪ್ರಸ್ತುತ ದೃಷ್ಟಿಯಿಂದ ಹೆಚ್ಚು ಮಹತ್ವದವು: ತುರ್ತುಸ್ಥಿತಿಯಲ್ಲಿ ಮುಂಗಡ ಹಣಕ್ಕಾಗಿ ಪಟ್ಟುಹಿಡಿಯಬಾರದು, ರೋಗಿ ಮೃತನಾದರೆ ಬಾಕಿಗಾಗಿ ಶವವನ್ನು ತಡೆಹಿಡಿಯಬಾರದು, ಹಣವನ್ನು ಆಮೇಲೆ ವಸೂಲು ಮಾಡಬಹುದು. ಎರಡೂ ಬೆಲೆಯನ್ನು ಕುರಿತವಲ್ಲ, ಬೆಲೆ ಕೇಳುವ ಹೊತ್ತನ್ನು ಕುರಿತವು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು ಡಾ. ಸಿ.ಎನ್. ಮಂಜುನಾಥ್ ಅವರ ನಿರ್ದೇಶನದ ಕಾಲದಲ್ಲಿ ಮೊದಲು ಚಿಕಿತ್ಸೆ, ಹಣದ ಮಾತು ಅನಂತರ ಎಂಬ ನೀತಿಯಿಂದ ಹೆಸರಾಯಿತು. ಅಲ್ಲಿ ಶುಲ್ಕವಿಲ್ಲದೆ ಇರಲಿಲ್ಲ. ಆದರೆ ಎದೆನೋವಿನ ಗಳಿಗೆ ದಾಟುವವರೆಗೆ ಅದು ಕಾದಿತು.

2018ರಲ್ಲಿ ರಾಜ್ಯದ ಯೋಜನೆಗಳನ್ನು ಆರೋಗ್ಯ ಕರ್ನಾಟಕ ಎಂಬ ಒಂದೇ ಹೆಸರಿನಡಿ ತರಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ದೊರೆಯುವಂತಾಯಿತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರ ಜೇಬಿನಿಂದ ನೇರವಾಗಿ ಹೋಗುವ ಪಾಲು 2013–14ರಲ್ಲಿ ಶೇ. 64.2 ಇದ್ದದ್ದು 2021–22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಇಳಿಕೆ ದೊಡ್ಡದೇ. ಉಳಿದ ಪಾಲಿನ ಭಾರ ಬೀಳುವುದು ಮುಖ್ಯವಾಗಿ ಔಷಧದಂಗಡಿಯಲ್ಲಿ ಮತ್ತು ಹೊರರೋಗಿ ವಿಭಾಗದಲ್ಲಿ. ಚೀಟಿಯ ಕಿಟಕಿಯೂ ಮುಚ್ಚಿಲ್ಲ: ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿಯ ದರ 2024ರ ನವೆಂಬರಿನಲ್ಲಿ 10 ರೂಪಾಯಿಯಿಂದ 20 ರೂಪಾಯಿಗೆ ಏರಿತು.

ಆರೋಗ್ಯ ಕರ್ನಾಟಕದಲ್ಲಿ ಕರಗಿಹೋಗಿದ್ದ ಯಶಸ್ವಿನಿಯನ್ನು ಸಹಕಾರಿಗಳ ಒತ್ತಾಯದ ಮೇರೆಗೆ ಸರ್ಕಾರ ಮತ್ತೆ ಪ್ರತ್ಯೇಕ ಯೋಜನೆಯಾಗಿ ಘೋಷಿಸಿ 2023ರ ಜನವರಿ 1ರಿಂದ ಜಾರಿಗೊಳಿಸಿತು. ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ ವರ್ಷದ ವಂತಿಗೆ 500 ರೂಪಾಯಿ ಎಂದು ಗೊತ್ತಾಯಿತು. ಬೇರೆ ಯೋಜನೆಯಲ್ಲಿ ಹಣ ಕಟ್ಟದೆಯೇ ಚಿಕಿತ್ಸೆ ದೊರೆಯಬಹುದಾಗಿದ್ದ ಕುಟುಂಬಗಳೂ ಇರುವ ಹಳ್ಳಿಗಳಲ್ಲಿ, ಹಣ ಕಟ್ಟುವ ಯೋಜನೆಯನ್ನು ಜನ ಕೇಳಿ ಪಡೆದರು ಎಂಬುದು ಅರ್ಥಶಾಸ್ತ್ರಜ್ಞರಿಗಿಂತ ಜಾನಪದ ವಿದ್ವಾಂಸರು ಹೆಚ್ಚು ವಿಚಾರ ಮಾಡಬೇಕಾದ ಸಂಗತಿ. ಸಹಕಾರ ಸಂಘಗಳಲ್ಲಿ ಹೆಸರು ನೋಂದಾಯಿಸಿ ಹಣ ಪಡೆಯುವ ಕೆಲಸ 2022ರ ನವೆಂಬರಿನಲ್ಲಿ ಶುರುವಾಯಿತು. ಬಯಲುಸೀಮೆಯಲ್ಲಿ ಅದು ರಾಗಿ ಕೊಯ್ಲಿನ ತಿಂಗಳು.